ಹನ್ನೆರಡನೆಯ ಕಲ್ಲು

“ಮೇಷ್ಟ್ರೇ, ಹನ್ನೆರಡರಲ್ಲಿ ಒಂದನ್ನು ಬಿಟ್ಟುಬಿಟ್ಟರೆ ಎರಡು ಪರೀಕ್ಷೆಗಳೂ ಒಂದೇ ಮಾತು ಹೇಳುತ್ತವೆ. ಬಿಡಬಹುದೇ?”

ಕೇಳಿದವಳು ಶಿಷ್ಯೆ. ವೈದ್ಯ ಓದುತ್ತಿದ್ದವಳು. ಹನ್ನೆರಡು ಮಂದಿಗೆ ಆರು ವಾರ ಒಂದು ಕಷಾಯ ಕುಡಿಸಿದ್ದಳು. ಕುಡಿಸುವ ಮೊದಲು ಒಮ್ಮೆ, ಆರು ವಾರದ ಮೇಲೆ ಇನ್ನೊಮ್ಮೆ, ಒಬ್ಬೊಬ್ಬರ ರಕ್ತದೊತ್ತಡವನ್ನೂ ಅಳೆದಿದ್ದಳು. ಹನ್ನೊಂದು ಮಂದಿಗೆ ಸ್ವಲ್ಪ ಸ್ವಲ್ಪ ಇಳಿದಿತ್ತು. ಒಬ್ಬರಿಗೆ ಬಹಳ ಏರಿತ್ತು. ಗುಣ ನಿಜವೇ ಎಂದು ತಿಳಿಯಲು ಆ ಅಂಕೆಗಳಿಗೆ ಸಂಖ್ಯಾಶಾಸ್ತ್ರದ ಎರಡು ಪರೀಕ್ಷೆ ಮಾಡಿದ್ದಳು. ಪ್ರಬಂಧವನ್ನು ನಾಳೆ ಒಪ್ಪಿಸಬೇಕಾಗಿತ್ತು.

ಮೇಷ್ಟ್ರು ಸಂಖ್ಯಾಶಾಸ್ತ್ರದವರು. ಕೆಲಸದಿಂದ ನಿವೃತ್ತರಾಗಿದ್ದರು. ಜಂಬ ಮಾತ್ರ ಇನ್ನೂ ನೌಕರಿಯಲ್ಲಿತ್ತು.

“ಕೇಳಬೇಕಾದವರನ್ನೇ ಕೇಳಿದೆ, ತಾಯಿ. ಈ ಶಾಸ್ತ್ರ ಪೂರ್ತಿ ಬಲ್ಲವರು ಭೂಮಿಯ ಮೇಲೆ ಇಬ್ಬರೇ. ಇನ್ನೊಬ್ಬರು ಯಾರು ಅಂತ ನಾನೂ ನಲವತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಕೊಡು ಕಾಗದ.”

“ಕನ್ನಡಕ ತರಲೇ?”

“ನನಗೆ ಯಾಕೆ ಕನ್ನಡಕ? ಅಂಕೆಗಳೇ ನನ್ನ ಗುರುತು ಹಿಡಿದು ಹತ್ತಿರ ಬರುತ್ತವೆ.”

ಅವಳು ಮೆಲ್ಲಗೆ ಕಾಗದವನ್ನು ತಿರುಗಿಸಿಕೊಟ್ಟಳು. ಅವರು ಅದನ್ನು ತಲೆಕೆಳಗಾಗಿ ಹಿಡಿದಿದ್ದರು.

“ಟಿ ಪರೀಕ್ಷೆ ಏನನ್ನುತ್ತದೆ?”

“ಕಷಾಯದಿಂದ ಗುಣ ಕಾಣುವುದಿಲ್ಲ ಅನ್ನುತ್ತದೆ. ಹನ್ನೊಂದು ಮಂದಿಯ ಇಳಿತವನ್ನು ಆ ಒಬ್ಬರ ಏರಿಕೆ ನುಂಗಿಬಿಟ್ಟಿದೆ. ಸರಾಸರಿ ತೆಗೆದರೆ ಸೊನ್ನೆ.”

“ವಿಲ್ಕಾಕ್ಸನ್ ಪರೀಕ್ಷೆ?”

“ಗುಣ ಇದೆ ಅನ್ನುತ್ತದೆ. ಅದು ವ್ಯತ್ಯಾಸಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ಸ್ಥಾನ ಮಾತ್ರ ನೋಡುತ್ತದೆ. ಆ ಒಬ್ಬರಿಗೆ ಎಷ್ಟೇ ಏರಿರಲಿ, ಸಿಗುವುದು ಹನ್ನೆರಡನೆಯ ಸ್ಥಾನ. ಅಷ್ಟೇ.”

“ಆ ಒಂದನ್ನು ಬಿಟ್ಟರೆ?”

“ಎರಡೂ ಗುಣ ಇದೆ ಅನ್ನುತ್ತವೆ, ಮೇಷ್ಟ್ರೇ.” ಅವಳ ದನಿ ತಗ್ಗಿತು. “ಸಾಲಿಗೆ ಹೊಂದದ ಅಳತೆ ಅಂತ ಒಂದು ಟಿಪ್ಪಣಿ ಬರೆದರೆ ಸಾಕಂತೆ. ಎಲ್ಲರೂ ಹಾಗೇ ಮಾಡುತ್ತಾರಂತೆ. ಪ್ರಬಂಧ ಒಪ್ಪಿಗೆಯಾದರೆ ಇನ್ನೂರು ಮಂದಿಗೆ ಕುಡಿಸುತ್ತಾರೆ. ಅಲ್ಲಿಯವರೆಗೆ ನಿಲ್ಲಿಸಬೇಡಿ ಅಂತ ಈ ಹನ್ನೆರಡು ಮಂದಿಗೂ ಇನ್ನೊಂದು ತಿಂಗಳಿನ ಕಷಾಯದ ಪುಡಿ ಕೊಟ್ಟು ಕಳಿಸಿದ್ದೇನೆ.”

ಮೇಷ್ಟ್ರು ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಒಂದು ಕತೆ ಹೇಳುತ್ತೇನೆ. ಇದು ಕೇಳಿದ್ದಲ್ಲ, ನಾನೇ ಕಣ್ಣಾರೆ ಕಂಡದ್ದು. ನಾನು ಹುಟ್ಟುವುದಕ್ಕೆ ಇನ್ನೂರು ವರ್ಷ ಮೊದಲು.”

ಅವಳು ನಕ್ಕಳು. ಮೇಷ್ಟ್ರು ಶುರು ಮಾಡಿದರು.

ಒಂದು ಊರು. ಊರಿಗಿಂತ ಎತ್ತರದಲ್ಲಿ ಒಂದು ಕೆರೆ. ಎಂಥ ಕೆರೆ ಅಂತೀಯ! ಈ ದಡದಲ್ಲಿ ನಿಂತು ಕೂಗಿದರೆ, ಕೂಗು ಆ ದಡ ಮುಟ್ಟುವಷ್ಟರಲ್ಲಿ ಕೂಗಿದವನಿಗೆ ಮದುವೆಯಾಗಿ ಎರಡು ಮಕ್ಕಳಾಗುತ್ತಿದ್ದವು. ಆ ಕೆರೆಯ ಮೀನು ಹಿಡಿಯಲು ಹೋದವರನ್ನು ಮೀನೇ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿ ಕಳಿಸುತ್ತಿತ್ತು. ನಾನೂ ಒಮ್ಮೆ ಉಂಡಿದ್ದೇನೆ, ಉಪ್ಪು ಸ್ವಲ್ಪ ಕಡಿಮೆ.

ಅಷ್ಟು ನೀರಿಗೂ ಊರಿಗೂ ನಡುವೆ ಇದ್ದದ್ದು ಒಂದು ಮಣ್ಣಿನ ಏರಿ.

ಏರಿಯ ಕೆಳಗೆ ಮುನ್ನೂರು ಮನೆ. ಆ ಊರಿನವರು ಅಂಜುತ್ತಲೇ ಹುಟ್ಟಿದವರು. ಮಳೆಗಾಲದಲ್ಲಿ ಕೂಸನ್ನು ಮಲಗಿಸುವ ಮೊದಲು ತಾಯಂದಿರು ಅಂಗೈಯಿಂದ ನೆಲ ಮುಟ್ಟಿ ನೋಡುತ್ತಿದ್ದರು. ಒಣಗಿದ್ದರೆ ಮಲಗಿಸುತ್ತಿದ್ದರು. ಒದ್ದೆಯಿದ್ದರೆ ಎತ್ತಿಕೊಂಡೇ ಕೂರುತ್ತಿದ್ದರು.

ಅಂಜಿಕೆ ಅವರಿಗೆ ಅಳೆಯುವುದನ್ನು ಕಲಿಸಿತು. ಹಿರಿಯರು ಏರಿಯ ಉದ್ದಕ್ಕೂ ಹನ್ನೆರಡು ಕಲ್ಲು ನೆಟ್ಟಿದ್ದರು. ಕೆರೆ ತುಂಬಿ ಹೆಚ್ಚಿನ ನೀರು ಕೋಡಿಯ ಮೇಲೆ ಹರಿಯಲು ತೊಡಗಿದ ದಿನ, ವರ್ಷಕ್ಕೆ ಒಮ್ಮೆ, ನೀರಗಂಟಿ ಅಳತೆಗೆ ಇಳಿಯುತ್ತಿದ್ದ. ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವವನು ಅವನೇ. ಕೋಡಿ ಬಂಡೆಯದ್ದು, ಅಲುಗುವುದಿಲ್ಲ. ಆದ್ದರಿಂದ ಆ ದಿನದ ನೀರಿನ ಮಟ್ಟ ಪ್ರತಿ ವರ್ಷವೂ ಒಂದೇ. ಆ ನೀರಿನ ಮೇಲ್ಮೈಯಿಂದ ಕಲ್ಲಿನ ನೆತ್ತಿಯವರೆಗೆ ಒಂದು ನಾರಿನ ದಾರ ಹಿಡಿದು, ಅಷ್ಟಕ್ಕೆ ಕತ್ತರಿಸುವುದು. ಹನ್ನೆರಡು ಕಲ್ಲಿಗೆ ಹನ್ನೆರಡು ದಾರ. ಅವನ್ನು ಒಂದನೆಯದರಿಂದ ಹನ್ನೆರಡನೆಯದರವರೆಗೆ ಕ್ರಮವಾಗಿ ಗಂಟು ಹಾಕಿ ಒಂದೇ ಹಗ್ಗ ಮಾಡುವುದು. ಕಳೆದ ವರ್ಷದ ಹಗ್ಗ ಗೌಡನ ಮನೆಯ ಅಟ್ಟದ ಮೇಲೆ ಇರುತ್ತಿತ್ತು. ಅದನ್ನು ತಂದು ಇದರ ಪಕ್ಕದಲ್ಲಿ ಎಳೆದು ಹಿಡಿಯುವುದು. ಹೊಸ ಹಗ್ಗ ಗಿಡ್ಡವಾಗಿದ್ದರೆ ಏರಿ ಕುಗ್ಗಿದೆ, ಮಣ್ಣು ಹಾಕಬೇಕು. ಎರಡೂ ಸರಿಸಮನಾಗಿದ್ದರೆ ಊರ ತುಂಬ ಡಂಗುರ. “ಹಗ್ಗ ಸಮ!” ಆ ದಿನ ಮಾತ್ರ ಊರಿನವರು ನೆಲ ಮುಟ್ಟಿ ನೋಡದೆ ಮಲಗುತ್ತಿದ್ದರು.

“ಅವರನ್ನು ದಡ್ಡರೆನ್ನಬೇಡ,” ಎಂದರು ಮೇಷ್ಟ್ರು. “ಒಂದು ಕಲ್ಲು ಗೋಧಿಕಾಳಿನಷ್ಟು ಇಳಿದರೆ ಯಾರ ಕಣ್ಣಿಗೆ ಬೀಳುತ್ತದೆ? ನನ್ನ ಕಣ್ಣು ಬಿಡು, ಅದು ಬೇರೆ. ಆದರೆ ಹನ್ನೆರಡು ಕಾಳು ಒಟ್ಟಿಗೆ ಸೇರಿದರೆ ಕುರುಡನ ಕೈಗೂ ಸಿಗುತ್ತದೆ. ಕಲ್ಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮ ನಡೆದುಕೊಳ್ಳುವಷ್ಟು ಕಾಲ ಆ ಹಗ್ಗ ಒಮ್ಮೆಯೂ ಸುಳ್ಳಾಡಲಿಲ್ಲ. ನಿನ್ನ ಟಿ ಪರೀಕ್ಷೆ ಅಂದರೆ ಆ ಹಗ್ಗವೇ.”

ಆ ವರ್ಷ ಕೋಡಿ ಬೇಗ ಹರಿಯಿತು.

ನೀರಗಂಟಿ ಮುದುಕ. ನಲವತ್ತು ವರ್ಷ ಅದೇ ಕಲ್ಲುಗಳಿಗೆ ದಾರ ಹಿಡಿದಿದ್ದ. ಅವನ ಮನೆ ಹನ್ನೆರಡನೆಯ ಕಲ್ಲಿನ ನೇರ ಕೆಳಗೆ. ಅಲ್ಲಿ ಏಳು ಮನೆಗಳ ಒಂದು ಸಾಲು. ಹೆರಿಗೆಗೆ ಬಂದಿದ್ದ ಮಗಳು ಮನೆಯಲ್ಲಿದ್ದಳು. ಕೂಸಿಗೆ ಹನ್ನೊಂದು ದಿನ.

ಬೆಳಿಗ್ಗೆ ಅವನು ಮೊದಲ ಕಲ್ಲಿಗೆ ದಾರ ಹಿಡಿದ. ಕೈಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಕಣ್ಣಿಗೆ ಮರೆವು ಬರುತ್ತದೆ, ನಲವತ್ತು ವರ್ಷದ ಕೈಗೆ ಬರುವುದಿಲ್ಲ. ಎರಡನೆಯ ಕಲ್ಲಿನಲ್ಲೂ ಹಾಗೇ ಅನ್ನಿಸಿತು. ಮೂರನೆಯದರಲ್ಲಿ ಬೆವರಿದ. ಹನ್ನೊಂದನೆಯ ಕಲ್ಲಿನವರೆಗೂ ಪ್ರತಿ ದಾರವೂ ಕಡಿಮೆಯೇ ಬಂತು.

ಹನ್ನೆರಡನೆಯ ಕಲ್ಲಿಗೆ ದಾರ ಹಿಡಿದ. ಉದ್ದ ಬಂತು. ಬಹಳ ಉದ್ದ ಬಂತು. ತನ್ನ ಮನೆಯ ಮೇಲಿನ ಕಲ್ಲು ಕುಗ್ಗಿಲ್ಲ, ಮೇಲೆದ್ದಿದೆ. ಮಗಳು, ಕೂಸು ಇಬ್ಬರೂ ನೆನಪಾದರು. ಅಬ್ಬ, ಅಂದುಕೊಂಡ.

ಆ ಹೊತ್ತಿನಲ್ಲಿ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಏರಿಯ ಮೇಲೆ ಊರು ನೆರೆದಿತ್ತು. ಗೌಡ ಎರಡು ಹಗ್ಗಗಳ ಈ ತುದಿ ಹಿಡಿದ. ಶಾನುಭೋಗ ಆ ತುದಿ ಹಿಡಿದ. ಎಳೆದರು. ತುದಿಗೆ ತುದಿ ಸರಿಯಾಗಿ ಕೂತಿತು. ಕೂದಲೆಳೆಯ ಅಂತರವಿಲ್ಲ. ಗೌಡ ಕೈ ಎತ್ತಿದ. ಡಂಗುರದವನು ಕೆಳಗೆ ಓಡಿದ. “ಹಗ್ಗ ಸಮ! ಹಗ್ಗ ಸಮ!” ಎಂಬ ಕೂಗು ಮನೆ ಮನೆ ಮುಟ್ಟಿತು.

ಜನ ನೋಡುತ್ತಿದ್ದದ್ದು ತುದಿಯನ್ನು. ನೀರಗಂಟಿ ನೋಡುತ್ತಿದ್ದದ್ದು ನಡುವನ್ನು.

“ಏನಯ್ಯಾ, ಹೆರಿಗೆ ಆದದ್ದು ನಿನ್ನ ಮಗಳಿಗೋ ನಿನಗೋ? ಮುಖದಲ್ಲಿ ರಕ್ತವೇ ಇಲ್ಲವಲ್ಲ,” ಎಂದ ಗೌಡ.

“ಗೌಡ್ರೇ, ಕೋಪ ಮಾಡ್ಕೋಬೇಡಿ. ತುದಿ ಬಿಡಿ. ಒಂದು ಸಲ ಗಂಟು ನೋಡಿ.”

ಗೌಡ ನೋಡಿದ. ಹೊಸ ಹಗ್ಗದ ಮೊದಲ ಗಂಟು ಹಳೆಯ ಹಗ್ಗದ ಮೊದಲ ಗಂಟಿಗಿಂತ ಒಂದು ಬೆರಳು ಹಿಂದಿತ್ತು. ಎರಡನೆಯದು ಎರಡು ಬೆರಳು ಹಿಂದೆ. ಐದನೆಯದು ಐದು ಬೆರಳು. ಹೋಗುತ್ತ ಹೋಗುತ್ತ ಹನ್ನೊಂದನೆಯ ಗಂಟು ಹನ್ನೊಂದು ಬೆರಳು ಹಿಂದಿತ್ತು. ಕೊನೆಯ ದಾರ ಒಂದೇ ಆ ಹನ್ನೊಂದು ಬೆರಳನ್ನೂ ತುಂಬಿಕೊಟ್ಟು ತುದಿಯನ್ನು ಸರಿಮಾಡಿತ್ತು.

ಹಿಂದೆ ನಿಂತಿದ್ದವರು ಗಂಟು ನೋಡಲು ಮುಂದೆ ಬಂದರು.

ಗೌಡ ಮೊದಲು ಸುಧಾರಿಸಿಕೊಂಡ. “ಕೆಲವು ಕಡೆ ಇಳಿದಿದೆ, ಒಂದು ಕಡೆ ಎದ್ದಿದೆ. ಒಟ್ಟು ಅಷ್ಟೇ ಇದೆಯಲ್ಲ? ನಮ್ಮಜ್ಜನ ಕಾಲದಿಂದ ಹಗ್ಗವನ್ನೇ ನಂಬಿದ್ದೇವೆ. ಡಂಗುರ ಬೇರೆ ಹೋಗಿ ಆಯಿತು.”

ಶಾನುಭೋಗ ಬುದ್ಧಿವಂತ. “ಇಲ್ಲ ಗೌಡ್ರೇ, ಹಗ್ಗ ಈ ಸಲ ಮೋಸ ಮಾಡಿದೆ,” ಎಂದ. ಕಡ್ಡಿ ತರಿಸಿದ. ಒಂದೊಂದು ಕಲ್ಲಿನ ಹೊಸ ದಾರವನ್ನು ಅದೇ ಕಲ್ಲಿನ ಹಳೆಯ ದಾರದ ಜೊತೆಗಿಟ್ಟು, ವ್ಯತ್ಯಾಸ ಎಷ್ಟೋ ಅಷ್ಟುದ್ದದ ಕಡ್ಡಿ ಮುರಿದ. ಕಡ್ಡಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟ. ಬೆರಳಿಗೆ ಒಂದು ಕೂದಲು ಹೆಚ್ಚು, ಒಂದು ಕೂದಲು ಕಡಿಮೆ, ಹಾಗೆ ಹನ್ನೊಂದು ಕಡ್ಡಿ. ಕೊನೆಗೆ ಹನ್ನೊಂದು ಬೆರಳಿನದು ಒಂದು. ಅತಿ ಚಿಕ್ಕದಕ್ಕೆ ಒಂದು ಅಂಕ, ಅದರ ಮುಂದಿನದಕ್ಕೆ ಎರಡು, ಹೀಗೆ ಕೊಟ್ಟುಕೊಂಡು ಹೋದ.

“ಇಳಿದವುಗಳ ಅಂಕ ಅರವತ್ತಾರು. ಎದ್ದದ್ದರ ಅಂಕ ಹನ್ನೆರಡು. ಇನ್ನೇನು ಬೇಕು? ಏರಿ ಕುಗ್ಗುತ್ತಿದೆ. ಅನುಮಾನವೇ ಇಲ್ಲ.”

“ಅದು ನಿನ್ನ ವಿಲ್ಕಾಕ್ಸನ್,” ಎಂದರು ಮೇಷ್ಟ್ರು. “ಅವನ ಹೆಸರು ಆ ಊರಿಗೆ ಇನ್ನೂ ಬಂದಿರಲಿಲ್ಲ. ಶಾನುಭೋಗ ಹೇಳಿದ್ದು ಸುಳ್ಳಲ್ಲ ತಾಯಿ, ನಿಜ. ಏರಿ ಕುಗ್ಗುತ್ತಲೇ ಇತ್ತು. ನಿಜ ಹೇಳಿದವನನ್ನು ಕಂಡರೆ ನನಗೆ ಯಾವಾಗಲೂ ಸ್ವಲ್ಪ ಭಯ. ಅವನು ಅಲ್ಲಿಗೇ ನಿಲ್ಲುವುದಿಲ್ಲ.”

ಶಿಷ್ಯೆ ಈ ಸಲ ನಗಲಿಲ್ಲ.

ಗೌಡನಿಗೂ ಶಾನುಭೋಗನಿಗೂ ಮಾತು ಬೆಳೆಯಿತು. ಒಬ್ಬ ಒಟ್ಟು ಅಂದ. ಇನ್ನೊಬ್ಬ ಸಾಲು ಅಂದ. ಬಿಸಿಲು ನೆತ್ತಿಗೆ ಬಂತು. ಕೊನೆಗೆ ಶಾನುಭೋಗನೇ ದಾರಿ ಹುಡುಕಿದ.

“ನಮ್ಮಿಬ್ಬರಿಗೂ ಜಗಳ ತಂದಿಟ್ಟಿರುವುದು ಆ ಹನ್ನೆರಡನೆಯ ಕಲ್ಲು ಒಂದೇ. ಅದು ಉಳಿದವುಗಳ ಜೊತೆಗೆ ಸೇರಿದ್ದಲ್ಲ. ಅದನ್ನು ಲೆಕ್ಕದಿಂದ ತೆಗೆದುಬಿಡೋಣ. ಆಗ ನಿಮ್ಮ ಹಗ್ಗವೂ ಕುಗ್ಗಿದೆ ಅನ್ನುತ್ತದೆ, ನನ್ನ ಸಾಲೂ ಕುಗ್ಗಿದೆ ಅನ್ನುತ್ತದೆ.”

ಗೌಡ ಯೋಚಿಸಿದ. ಮರ್ಯಾದೆ ಹೋಗದ ಮಾತು. “ಆಗಲಿ,” ಎಂದ. “ಹನ್ನೊಂದು ಕಡೆಗೂ ಮಣ್ಣು ಹಾಕಿ.”

“ಮಣ್ಣು ಎಲ್ಲಿಂದ ತರುವುದು? ಕೆಳಗೆಲ್ಲ ಕೆಸರು.”

ಶಾನುಭೋಗ ನಕ್ಕ. “ಹನ್ನೆರಡನೆಯದರ ಹತ್ತಿರ ಹೆಚ್ಚಾಗಿ ಎದ್ದಿದೆಯಲ್ಲ. ಅಲ್ಲಿಂದಲೇ ಕೆತ್ತಿ ತನ್ನಿ. ಅದೂ ಸಮವಾಗುತ್ತದೆ, ಇವೂ ಸಮವಾಗುತ್ತವೆ.”

ಎಲ್ಲರಿಗೂ ಸರಿ ಅನ್ನಿಸಿತು. ಬುಟ್ಟಿ ಬಂದವು. ಗುದ್ದಲಿ ಬಂದವು. ಊರಿನಲ್ಲಿ ಕೈಕಾಲು ಗಟ್ಟಿಯಿದ್ದವರೆಲ್ಲ ಏರಿ ಹತ್ತಿದರು. ಹನ್ನೆರಡನೆಯ ಕಲ್ಲಿನ ಬುಡಕ್ಕೆ ಮೊದಲ ಗುದ್ದಲಿ ಹಾಕಲು ನೀರಗಂಟಿಯನ್ನೇ ಕಳಿಸಿದರು. ಕಲ್ಲು ಅವನದು, ಮರ್ಯಾದೆಯೂ ಅವನದು.

ಮೇಷ್ಟ್ರು ಕತೆ ನಿಲ್ಲಿಸಿ ಶಿಷ್ಯೆಯ ಕಡೆ ತಿರುಗಿದರು.

“ಒಣ ಕಡಲೆಯನ್ನು ನೀರಿಗೆ ಹಾಕಿದರೆ ಏನಾಗುತ್ತದೆ, ಹೇಳು.”

“ಉಬ್ಬುತ್ತದೆ.”

“ಎರೆಮಣ್ಣೂ ಹಾಗೇ. ಗಟ್ಟಿಯಾಗಿದ್ದು ಎತ್ತರವಾಗುವುದು ಬೇರೆ, ಒಳಗೆ ನೀರು ಹೊಕ್ಕು ಉಬ್ಬುವುದು ಬೇರೆ. ದಾರಕ್ಕೆ ಎರಡೂ ಒಂದೇ.”

ನೀರಗಂಟಿ ಊರ ಕಡೆಯ ಇಳಿಜಾರಿನಲ್ಲಿ ನಿಂತು ಗುದ್ದಲಿ ಎತ್ತಿ ಹಾಕಿದ. ಸದ್ದು ಬರಲಿಲ್ಲ. ಗುದ್ದಲಿ ಬೆಣ್ಣೆಗೆ ಇಳಿದಂತೆ ಇಳಿಯಿತು. ಎಳೆದ. ಗುಳಿಯಲ್ಲಿ ನೀರು ಬಂದು ನಿಂತಿತು. ತಿಳಿನೀರು. ಕೈ ಇಟ್ಟ. ಕೆರೆಯ ತಳದಷ್ಟು ತಣ್ಣಗಿತ್ತು. ಮೊಣಕೈವರೆಗೆ ತೋಳು ಇಳಿಸಿದ. ಅಡ್ಡ ಏನೂ ಸಿಗಲಿಲ್ಲ. ಒಳಗೆ ಯಾರೋ ಅವನ ಬೆರಳುಗಳನ್ನು ಮೆಲ್ಲಗೆ ಹೊರಕ್ಕೆ ನೂಕಿದಂತಾಯಿತು.

ನೋಡುತ್ತ ನೋಡುತ್ತ ತಿಳಿನೀರು ಕಪ್ಪಾಯಿತು.

ತಿಳಿನೀರು ಬಂದರೆ ಏರಿ ಬೆವರುತ್ತಿದೆ ಎಂದರ್ಥ. ಕಪ್ಪು ನೀರು ಬಂದರೆ ಏರಿಯ ಮಣ್ಣೇ ನೀರಿನ ಜೊತೆ ಹೊರಟಿದೆ ಎಂದರ್ಥ. ಇದನ್ನು ನೀರಗಂಟಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೇಲೆ ತಿರುಗಿ ಒಮ್ಮೆ ಕೂಗಿದ. ಬುಟ್ಟಿ ಹೊತ್ತವರ ಗದ್ದಲದಲ್ಲಿ ಕೇಳಲಿಲ್ಲ. ಎರಡನೆಯ ಸಲ ಕೂಗಲಿಲ್ಲ. ಕೆಳಕ್ಕೆ ಓಡಿದ.

ಮಗಳು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು.

“ಏಳು. ಏರಿ ಮೇಲಕ್ಕೆ, ಕೋಡಿಯ ಕಡೆ. ಓಡು.”

“ಏನಪ್ಪಾ ಇದು? ಹಗ್ಗ ಸಮ ಬಂತು ಅಂತ ಈಗ ತಾನೇ ಸಾರಿಕೊಂಡು ಹೋದರಲ್ಲ?”

ಅವನು ಎಣ್ಣೆ ಮೈಯ ಕೂಸನ್ನು ಅವಳ ಕೈಗಿಟ್ಟು ಬೆನ್ನು ಹಿಡಿದು ನೂಕಿದ. ಅವಳು ಓಡಿದಳು. ಅವನು ಸಾಲಿನ ಉಳಿದ ಆರು ಬಾಗಿಲು ಬಡಿದ. ಮೂರು ಮನೆಯವರು ಅವನ ಮುಖ ನೋಡಿದರು, ಎದ್ದು ಬಂದರು. ಮೂರು ಮನೆಯವರು ಡಂಗುರ ಕೇಳಿದ್ದರು.

“ಹಗ್ಗ ಸಮ ಬಂದಿದೆ ಕಣಪ್ಪಾ,” ಎಂದ ಒಳಗಿನಿಂದ ಒಬ್ಬ ಮುದುಕ. “ನೀನೇ ಅಳೆದದ್ದಲ್ಲವಾ? ಹೋಗು, ಒಂದು ಗಳಿಗೆ ನೆಮ್ಮದಿಯಾಗಿ ಮಲಗಲು ಬಿಡು.”

ಏರಿ ಒಡೆದಾಗ ಸಿಡಿಲಿನ ಸದ್ದು ಬರುತ್ತದೆ ಎಂದು ಆ ಊರಿನವರು ನಂಬಿದ್ದರು. ಬರಲಿಲ್ಲ. ಯಾರೋ ದೊಡ್ಡದಾಗಿ ನಿಟ್ಟುಸಿರು ಬಿಟ್ಟಂತಾಯಿತು. ಹನ್ನೆರಡನೆಯ ಕಲ್ಲು ನಿಂತ ನಿಲುವಿನಲ್ಲೇ ಒಳಗೆ ಇಳಿಯಿತು. ಅದು ಇದ್ದ ಕಡೆಯಿಂದ ಕೆರೆ ಹೊರಗೆ ಬಂತು.

ಏರಿಯ ಮೇಲೆ ಹನ್ನೊಂದು ಕಲ್ಲುಗಳ ಹತ್ತಿರ ಊರಿನವರು ಬುಟ್ಟಿ ಹಿಡಿದುಕೊಂಡು ನಿಂತಿದ್ದರು. ಹನ್ನೊಂದು ಕಲ್ಲೂ ಅಲುಗಲಿಲ್ಲ. ಅವರು ನಿಂತಲ್ಲಿಂದ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.

ಕತೆ ನಿಂತಿತು.

“ಊರು ಉಳಿಯಿತೇ, ಮೇಷ್ಟ್ರೇ?”

“ಉಳಿಯಿತು. ನೀರು ಏಳು ಮನೆಗಳ ಆ ಸಾಲನ್ನು ಹಿಡಿದು, ಹಳೆಯ ಹಳ್ಳಕ್ಕೆ ಬಿದ್ದು ಹೊರಟುಹೋಯಿತು. ಮುನ್ನೂರರಲ್ಲಿ ಏಳು ಮನೆ. ಸರಾಸರಿ ತೆಗೆದರೆ ಏನೂ ಆಗಿಲ್ಲ.”

ಮೇಷ್ಟ್ರ ದನಿಯಲ್ಲಿ ಜಂಬ ಇರಲಿಲ್ಲ.

“ಮಗಳು ಉಳಿದಳು, ಕೂಸು ಉಳಿಯಿತು. ನೀರಗಂಟಿ ಅದಾದ ಮೇಲೆ ಒಂಬತ್ತು ವರ್ಷ ಬದುಕಿದ. ಹಗ್ಗ ಮುಟ್ಟಲಿಲ್ಲ. ಗೌಡ ಬಂದು, ಶಾನುಭೋಗ ಬಂದು, ತಪ್ಪು ಯಾರ ಲೆಕ್ಕದ್ದು ಎಂದು ಅವನ ಮುಂದೆ ಕೂತು ವಾದ ಮಾಡುತ್ತಿದ್ದರು. ಒಟ್ಟಿನದೋ, ಸಾಲಿನದೋ. ಅವನು ಎರಡಕ್ಕೂ ತಲೆಯಾಡಿಸುತ್ತಿರಲಿಲ್ಲ. ಕೊನೆಗೆ, ಎದ್ದು ಬಾರದ ಮೂರು ಮನೆಯವರ ಹೆಸರು ಮಾತ್ರ ಹೇಳುತ್ತಿದ್ದ. ಕಣ್ಣು ಕಾಣದ ಚೌಡಜ್ಜ. ಅವನ ಹೆಂಡತಿ ಭರಮಮ್ಮ. ಸುಣ್ಣ ಸುಡುವ ಹೊನ್ನೂರಪ್ಪ, ಕಾಲು ಮುರಿದುಕೊಂಡು ಮನೆಯಲ್ಲಿದ್ದವನು. ಕಂಬಳಿ ನೇಯುವ ಕರಿಯಮ್ಮ. ಆಮೇಲೆ ಒಂದು ಮಾತು ಸೇರಿಸುತ್ತಿದ್ದ. ದಾರ ಉದ್ದ ಬಂದಾಗ ನಾನು ಅಬ್ಬ ಅಂದುಕೊಂಡೆ. ಬಗ್ಗಿ ಮಣ್ಣು ಮುಟ್ಟಿ ನೋಡಲಿಲ್ಲ.”

ಶಿಷ್ಯೆ ಬಹಳ ಹೊತ್ತು ಕಾಗದವನ್ನೇ ನೋಡಿದಳು. ಹನ್ನೆರಡನೆಯ ಸಾಲಿನಲ್ಲಿ ಮೊದಲು ೧೩೮ ಎಂದಿತ್ತು. ಆಮೇಲೆ ೧೯೦ ಎಂದಿತ್ತು.

“ಅರ್ಥವಾಯಿತು, ಮೇಷ್ಟ್ರೇ. ಬಿಡುವುದಿಲ್ಲ. ಹನ್ನೆರಡನ್ನೂ ಬರೆಯುತ್ತೇನೆ. ಎರಡು ಪರೀಕ್ಷೆಗಳು ಹೇಳಿದ್ದನ್ನೂ ಬರೆಯುತ್ತೇನೆ. ಯಾಕೆ ಬೇರೆ ಬೇರೆ ಬಂತು ಅನ್ನುವುದನ್ನೂ ಬರೆಯುತ್ತೇನೆ.”

“ಬರಿ. ಚೆನ್ನಾಗಿ ಬರಿ. ಅದು ನಾಳೆಯ ಕೆಲಸ.” ಮೇಷ್ಟ್ರು ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. “ಇದು ಯಾರು?”

ಅವಳು ನೆನಪು ಮಾಡಿಕೊಳ್ಳಬೇಕಾಯಿತು.

“ಗುರುಶಾಂತಮ್ಮ ಅಂತ. ಬಳೆ ಮಾರುತ್ತಾರೆ. ಹಿಂದಿನ ಬೀದಿಯಲ್ಲೇ ಮನೆ. ಬಹಳ ಒಳ್ಳೆಯವರು, ಮೇಷ್ಟ್ರೇ. ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಒಂದು ದಿನವೂ ತಪ್ಪಿಸಿದವರಲ್ಲ.”

“ಆ ಗುರುಶಾಂತಮ್ಮ ಇವತ್ತು ಬೆಳಿಗ್ಗೆಯೂ ಕಷಾಯ ಕುಡಿದರೇನಮ್ಮಾ?”